ಗಾರ್ಡ್ ಸಾಹೇಬರ ಪೆಟ್ಟಿಗೆ

ಹೋದ ವಾರ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತಿದ್ದಾಗ ನನಗೇ ಗೊತ್ತಿಲ್ಲದಂತೆ ಎರಡು ಮೂರು ಸಲ ವಾಚು ನೋಡಿಕೊಂಡೆನಂತೆ. ಕತ್ತರಿ ಹಿಡಿದವನು ಕೈ ನಿಲ್ಲಿಸಿ, "ಯಾಕೆ ಸಾರ್, ಟ್ರೈನಿಗೆ ಹೋಗ್ಬೇಕಾ?" ಎಂದು ಕೇಳಿದ. ನಾನು ಹಿಡಿಯಬೇಕಾದ ಟ್ರೈನು ಈಗ ಯಾವುದೂ ಇಲ್ಲ. ಎಡಗಿವಿಯ ಸುತ್ತ ಅವನು ಎಷ್ಟು ಹೊತ್ತು ತೆಗೆದುಕೊಂಡ, ಬಲಗಿವಿಗೆ ಎಷ್ಟು, ನಡುವೆ ರೇಡಿಯೋದ ಕಿವಿ ತಿರುಚುವುದಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದೆ, ಅಷ್ಟೆ. ಹೋಟೆಲಿನಲ್ಲಿ ದೋಸೆ ಬರುವುದು ತಡವಾದರೂ, ಬ್ಯಾಂಕಿನಲ್ಲಿ ಗುಮಾಸ್ತ ಪೆನ್ನಿನ ಮುಚ್ಚಳ ಹುಡುಕಿದರೂ ನನ್ನೊಳಗೆ ಒಂದು ಮುಳ್ಳು ಟಿಕ್ ಟಿಕ್ ಎನ್ನಲು ಶುರುವಾಗುತ್ತದೆ. ಬೇರೆಯವರ ಕೆಲಸಕ್ಕೆ ಹೊತ್ತು ಅಳೆಯುವ ಈ ಚಾಳಿಗೆ ನನ್ನ ಹೆಂಡತಿ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ.

ಚಾಳಿ ಹತ್ತಿದ್ದು ಚಾಮರಾಜನಗರದ ರೈಲ್ವೆ ಪ್ಲಾಟ್‌ಫಾರಂ ಮೇಲೆ. ಐವತ್ತರ ದಶಕದ ನಡುವಿನ ಮಾತು. ನನ್ನೂರು ಗುಂಡ್ಲುಪೇಟೆ. ಅಲ್ಲಿಗೆ ರೈಲು ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಂಜನಗೂಡಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿದಾಗ, ಚಾಮರಾಜನಗರದಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತರುವವರು ಇರುತ್ತಾರೆ. ನಾನು ನನಗೊಂದು ಕೈಗಡಿಯಾರ ತಂದುಕೊಂಡೆ. ಅಲ್ಲಿಂದಾಚೆಗೆ ಜಗತ್ತಿನಲ್ಲಿ ಸರಿಯಾಗಿ ನಡೆಯುತ್ತಿದ್ದ ವಸ್ತು ಅದೊಂದೇ ಎಂದು ನನಗೆ ಖಾತ್ರಿಯಾಗಿಬಿಟ್ಟಿತು.

ನಮ್ಮ ಷಟಲ್ ಗಾಡಿಯ ಸಂಸಾರ ಹೀಗಿತ್ತು. ಮೈಸೂರಿನಿಂದ ನಸುಕಿಗೆ ಹೊರಟು ಏಳೂವರೆಗೆ ಚಾಮರಾಜನಗರಕ್ಕೆ ಬರಬೇಕು. ಅಲ್ಲಿಗೆ ಹಳಿಯೇ ಮುಗಿಯಿತು. ಅದೇ ಗಾಡಿ, ಅದೇ ಜನ, ಎಂಟು ಗಂಟೆಗೆ ಮತ್ತೆ ಮೈಸೂರಿಗೆ ಹೊರಡಬೇಕು. ನಡುವೆ ಮೂವತ್ತು ನಿಮಿಷ. ಅಷ್ಟರಲ್ಲಿ ಎಂಜಿನ್ನನ್ನು ಮುಂದಿನಿಂದ ಬಿಚ್ಚಿ, ಪಕ್ಕದ ಹಳಿಯ ಮೇಲೆ ಓಡಿಸಿ, ನೀರು ಕುಡಿಸಿ, ಇಲ್ಲಿಯ ತನಕ ಬಾಲವಾಗಿದ್ದ ಕಡೆಗೆ ತಂದು ಕಟ್ಟಬೇಕು. ಬಾಲದಲ್ಲಿದ್ದ ಗಾರ್ಡು ತನ್ನ ಪೆಟ್ಟಿಗೆ ಸಮೇತ ಈಚೆ ತುದಿಯ ಡಬ್ಬಿಗೆ ಬರಬೇಕು. ಇಷ್ಟೇ ಕೆಲಸ. ನಾಲ್ಕು ಜನ ಗಂಡಸರು ಮನಸ್ಸು ಮಾಡಿದರೆ ಇಪ್ಪತ್ತು ನಿಮಿಷದ್ದು. ಆದರೆ ಅಲ್ಲಿ ಆರು ಜನ ಇದ್ದರು, ಮನಸ್ಸು ಮಾತ್ರ ಒಬ್ಬರಿಗೂ ಇರಲಿಲ್ಲ.

ಡ್ರೈವರ್ ಎಂಜಿನ್ನಿನಿಂದ ಅರ್ಧ ದೇಹ ಹೊರಗೆ ಹಾಕಿ ಕಾಫಿ ಕುಡಿಯುವರು. ಕೊಂಡಿ ಮುಟ್ಟುವುದು ಅವರ ಕೆಲಸವಲ್ಲ. ಫೈರ್‌ಮನ್‌ಗಳು ಇಬ್ಬರು. ಒಬ್ಬ ಕಲ್ಲಿದ್ದಲು ಒಡೆಯುವವ, ಇನ್ನೊಬ್ಬ ಅದನ್ನು ಒಲೆಗೆ ಎಸೆಯುವವ. ಒಡೆಯುವವನು ಎಸೆಯುವುದಿಲ್ಲ, ಎಸೆಯುವವನು ಒಡೆಯುವುದಿಲ್ಲ, ಇಬ್ಬರೂ ಸೇರಿ ಬೀಡಿ ಮಾತ್ರ ಸೇದುತ್ತಾರೆ. ಕೊಂಡಿ ಬಿಚ್ಚುವವನು, ಹಳಿ ಬದಲಾಯಿಸುವವನು ಪಾಯಿಂಟ್ಸ್‌ಮನ್ ಮಾದಯ್ಯ. ಹಳಿಗಳ ನಡುವೆ ಇಳಿಯುವ ಮೊದಲು ಆತ ಬಾಯಲ್ಲಿರುವ ಎಲೆಯಡಿಕೆ ಉಗಿಯಬೇಕು, ಮೇಲೆ ಹತ್ತಿ ಬಂದ ಮೇಲೆ ಹೊಸದಾಗಿ ಹಾಕಿಕೊಳ್ಳಬೇಕು. ಎರಡನ್ನೂ ದೇವರ ಮುಂದೆ ಕೂತವನಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದ.

ಒಂದು ದಿನ ಕೇಳಿಯೇಬಿಟ್ಟೆ. "ಏನು ಮಾದಯ್ಯ, ಒಂದು ಎಂಜಿನ್ನು ತಿರುಗಿಸೋಕೆ ಇಷ್ಟು ಜನ ಬೇಕಾ? ಪಾಪ ಆ ಫೈರ್‌ಮನ್ನೇ ಇಳಿದು ಕೊಂಡಿ ಬಿಚ್ಚಿದ್ರೆ ಕೈ ಸವೆದುಹೋಗ್ತದಾ?"

ಮಾದಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅವ್ರವ್ರ ಕೆಲ್ಸವ ಅವ್ರವ್ರೇ ಮಾಡ್ಬೇಕು ಕಣಿ ಸಾಮಿ. ನಾ ಓಗಿ ಡ್ರೈವರ್ ಕೆಲ್ಸ ಮಾಡುದ್ರ ನೀವು ಅತ್ತೀರಾ ಗಾಡಿಯ?"

ಹತ್ತುವುದಿಲ್ಲ ಎನ್ನುವುದು ನಿಜ. ಆದರೆ ವಾಚು ಕಟ್ಟಿಕೊಂಡವನು ಅಂಥ ಮಾತಿಗೆಲ್ಲ ಉತ್ತರ ಕೊಡಬಾರದೆಂದು ವಾಚಿಗೆ ಕೀಲಿ ಕೊಡತೊಡಗಿದೆ.

ಇವರೆಲ್ಲರ ಮೇಲೆ ಗಾರ್ಡ್ ಸಾಹೇಬರು. ಬಿಳಿ ಕೋಟು, ಬಿಳಿ ಟೋಪಿ, ಕೊರಳಲ್ಲಿ ವಿಷಲ್ಲು. ಅವರ ಜೊತೆ ಒಂದು ಕಪ್ಪು ತಗಡಿನ ಪೆಟ್ಟಿಗೆ. ಅದರೊಳಗೆ ಕೆಂಪು ಬಾವುಟ, ಹಸಿರು ಬಾವುಟ, ದೀಪ, ದಪ್ಪ ದಪ್ಪ ಪುಸ್ತಕ, ಮಧ್ಯಾಹ್ನದ ಬುತ್ತಿ. ಆ ಪೆಟ್ಟಿಗೆ ಡಬ್ಬಿಯಲ್ಲಿ ಇಲ್ಲದೆ ಗಾಡಿ ಒಂದು ಅಡಿ ಕದಲುವಂತಿಲ್ಲ. ಆದರೆ ಗಾರ್ಡ್ ಸಾಹೇಬರು ತಮ್ಮ ಕೈಯಾರೆ ಅದನ್ನು ಎತ್ತುವಂತಿಲ್ಲ. ಅದಕ್ಕೆಂದೇ ಪೋರ್ಟರ್ ಬುಡನ್ ಸಾಬರು ಇದ್ದರು. ಬಿಳಿ ಗಡ್ಡದ ಮುದುಕರು. ಮನೆಯಲ್ಲಿ ಉರ್ದು, ಪ್ಲಾಟ್‌ಫಾರಂ ಮೇಲೆ ನಮ್ಮೆಲ್ಲರಿಗಿಂತ ಗಟ್ಟಿಯಾದ ಕನ್ನಡ. ಗಾಡಿ ಬಂದು ನಿಂತ ಕೂಡಲೇ ಹಳೆಯ ತುದಿಯಿಂದ ಪೆಟ್ಟಿಗೆ ಇಳಿಸಿ, ತಲೆಯ ಮೇಲೆ ಇಟ್ಟುಕೊಂಡು ಹೊಸ ತುದಿಯ ಕಡೆಗೆ ಹೊರಡುವರು. ಅರ್ಧ ದಾರಿಯಲ್ಲಿ ಸಾಮಾನಿನ ಷೆಡ್ಡು ಇತ್ತು. ಅಲ್ಲಿ ಅರಿಸಿನದ ಮೂಟೆಗಳ ಪಕ್ಕ, ನೆರಳಿನಲ್ಲಿ, ಪೆಟ್ಟಿಗೆಯನ್ನು ಜೋಪಾನವಾಗಿ ಇಳಿಸಿ ಷೆಡ್ಡಿನ ಹಿಂದಕ್ಕೆ ಹೋಗಿ ಮಾಯವಾಗುತ್ತಿದ್ದರು.

ಅಷ್ಟು ಹೊತ್ತಿಗೆ ಎಂಜಿನ್ನು ನೀರು ಕುಡಿದು ಬಂದಿರುತ್ತಿತ್ತು. ಮಾದಯ್ಯ ಕೊಂಡಿ ಹಾಕಿ ಎಲೆ ಮಡಿಚುತ್ತಿದ್ದ. ಸ್ಟೇಷನ್ ಮಾಸ್ತರರು ಹೊರಡಲು ಅಪ್ಪಣೆಯೆಂದು ಬೆತ್ತದ ಬಳೆಗೆ ಕಟ್ಟಿದ ಟೋಕನ್ನನ್ನು ಡ್ರೈವರಿಗೆ ಕೊಟ್ಟಿರುತ್ತಿದ್ದರು. ಎಲ್ಲ ಮುಗಿದಿದೆ, ಗಾರ್ಡ್ ಸಾಹೇಬರು ತಮ್ಮ ಡಬ್ಬಿಯ ಮುಂದೆ ಕೈ ಹಿಂದೆ ಕಟ್ಟಿ ನಿಂತಿದ್ದಾರೆ, ಪೆಟ್ಟಿಗೆ ಷೆಡ್ಡಿನ ನೆರಳಿನಲ್ಲಿ ಕೂತಿದೆ. ಆಗಾಗ ಅವರು ಆಕಾಶದ ಕಡೆ ನೋಡಿ "ಬುಡನ್ ಎಲ್ಲಿ?" ಎನ್ನುವರು. ಆಕಾಶ ಉತ್ತರ ಕೊಡುತ್ತಿರಲಿಲ್ಲ. ಒಬ್ಬರಾದರೂ ಹೋಗಿ ಹುಡುಕುತ್ತಲೂ ಇರಲಿಲ್ಲ. ಹತ್ತಿಪ್ಪತ್ತು ನಿಮಿಷ ಕಳೆದ ಮೇಲೆ ಬುಡನ್ ಸಾಬರು ಎಲ್ಲಿಂದಲೋ ಬಂದು ಪೆಟ್ಟಿಗೆ ಎತ್ತುವರು, ಗಾಡಿ ಹೊರಡುವುದು.

ಊರಿನವರಿಗೆ ಇದರಿಂದ ಒಂದಿಷ್ಟೂ ಬೇಸರವಿರಲಿಲ್ಲ. ನಮ್ಮ ಚಿಕ್ಕಮ್ಮನಂತೂ ಮನೆಯ ಗಡಿಯಾರವನ್ನೇ ನಂಬುತ್ತಿರಲಿಲ್ಲ. "ಎಂಜಿನ್ನು ಇನ್ನೂ ನೀರಿಗೆ ಹೋಗಿಲ್ಲ, ಕೂತ್ಕೊಂಡು ತಿನ್ನು" ಎಂದು ಇನ್ನೊಂದು ರೊಟ್ಟಿ ಹಾಕುವಳು. ಗಾಡಿಯಲ್ಲಿ ಕೂತವರೂ ಅಂಥವರೇ. ರೇಷ್ಮೆಗೂಡಿನ ಮೂಟೆ ಕಾಲಡಿ ಇಟ್ಟುಕೊಂಡು, ಆ ನಾತದಲ್ಲೇ ಗೊರಕೆ ಹೊಡೆಯುವ ಜನ. ಇಂಥ ಜನಕ್ಕೆ ಇಂಥ ರೈಲೇ ಸರಿ ಎಂದುಕೊಳ್ಳುತ್ತಿದ್ದೆ. ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ಒಂದು ಪೆಟ್ಟಿಗೆ ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ಆ ತುದಿಗೆ ಹೋಗಲು ಆಗುತ್ತಿಲ್ಲವಲ್ಲ ಎಂದು ದೇಶದ ಬಗ್ಗೆಯೇ ನನಗೆ ಅಸಹ್ಯವಾಗುತ್ತಿತ್ತು.

ಅದಕ್ಕೇ ಒಂದು ನೋಟ್‌ಪುಸ್ತಕ ಇಟ್ಟೆ. ಅದರ ಒಂದು ಪುಟ ನನಗೆ ಈಗಲೂ ಬಾಯಿಪಾಠ. ಕೊಂಡಿ ಬಿಚ್ಚುವುದು, ನಾಲ್ಕು ನಿಮಿಷ. ಬಿಚ್ಚಿದ ಕೊಂಡಿಯನ್ನು ನೋಡುತ್ತ ನಿಲ್ಲುವುದು, ಆರು ನಿಮಿಷ. ನೀರು ತುಂಬುವುದು, ಹತ್ತು. ನೀರು ತುಂಬಿತೆಂದು ಒಬ್ಬರಿಗೊಬ್ಬರು ಕೂಗಿ ಹೇಳುವುದು, ಮೂರು. ಪೋರ್ಟರು ಕಾಣದೆ ಇರುವುದು, ಹದಿನೆಂಟು. ಒಂದು ತಿಂಗಳು ಹೀಗೆ ಬರೆದು, ನಾಲ್ಕು ಪುಟದ ಇಂಗ್ಲಿಷ್ ಅರ್ಜಿಯನ್ನು ಮೇಲಿನವರಿಗೆ ಕಳಿಸಿದೆ. ಆ ಅರ್ಜಿಯ ಇಂಗ್ಲಿಷನ್ನು ನಾನೇ ಮೂರು ನಾಲ್ಕು ಸಲ ಓದಿಕೊಂಡು ಸಂತೋಷಪಟ್ಟಿದ್ದೆ. ಮೇಲಿನಿಂದ ಸ್ಟೇಷನ್ನಿಗೆ ಒಂದು ಕಾಗದ ಬಂತಂತೆ, ತಡವಾಗುವುದಕ್ಕೆ ಕಾರಣ ತಿಳಿಸಿ ಎಂದು. ಅದಾದ ಮೇಲೆ ನಾನು ಪ್ಲಾಟ್‌ಫಾರಂ ಹತ್ತಿದರೆ ಮಾತು ನಿಲ್ಲುತ್ತಿತ್ತು. ಗಾರ್ಡ್ ಸಾಹೇಬರು ಟೋಪಿ ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ಮಾದಯ್ಯ ಎಲೆಯಡಿಕೆಯ ಚೀಲ ಬಚ್ಚಿಡುತ್ತಿದ್ದ. ಮರ್ಯಾದೆ ಎಂದರೆ ಇದು ಎಂದು ನಾನು ಬೀಗಿದೆ.

ಈಗ ಅಕ್ಕನ ವಿಷಯ ಹೇಳಬೇಕು. ಹೇಳದೆ ತಪ್ಪಿಸಿಕೊಳ್ಳೋಣವೆಂದೇ ಇಷ್ಟು ಹೊತ್ತು ಎಲೆಯಡಿಕೆ, ಬೀಡಿ ಎಂದು ಸುತ್ತುತ್ತಿದ್ದೆ.

ಅಕ್ಕ ಸಾವಿತ್ರಿ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡಾಗ ಅವಳು ಹೈಸ್ಕೂಲು ಬಿಟ್ಟು ಗುಂಡ್ಲುಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಳು. ಊರಿನ ಹೆಂಗಸರ ರವಿಕೆಗಳನ್ನು ಹೊಲಿದು ನನ್ನನ್ನು ಓದಿಸಿದಳು. ನನಗೆ ಕೆಲಸ ಸಿಕ್ಕಿದ ಮೇಲೆ ತಾನೇ ಪುಸ್ತಕ ಹಿಡಿದು, ಹೊಲಿಗೆಯ ನಡುವೆ ಓದಿ, ಮನೆಯಿಂದಲೇ ಪರೀಕ್ಷೆ ಕಟ್ಟಿ ಎಸ್.ಎಸ್.ಎಲ್.ಸಿ. ಪಾಸು ಮಾಡಿದಳು. ಮೇಡಮ್ಮ ಆಗಬೇಕು ಅನ್ನುವುದೊಂದೇ ಅವಳ ಆಸೆ. ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿದಳು. ವಯಸ್ಸಿನ ಮಿತಿಯ ಲೆಕ್ಕದಲ್ಲಿ ಅದೇ ಅವಳ ಕೊನೆಯ ವರ್ಷ. ಮೈಸೂರಿನಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಂದರ್ಶನ, ಹೆಸರು ಕರೆದಾಗ ಇಲ್ಲದವರನ್ನು ಪರಿಗಣಿಸಲಾಗುವುದಿಲ್ಲ ಎಂದು ಕಾಗದ ಬಂತು.

ಹಿಂದಿನ ದಿನವೇ ಚಿಕ್ಕಮ್ಮನ ಮನೆಗೆ ಬಾ ಎಂದು ಬರೆದಿದ್ದೆ. ಅವಳಿಂದ ಕಾರ್ಡು ಬಂತು. ಅಮ್ಮನಿಗೆ ಜ್ವರ ಬಿಟ್ಟಿಲ್ಲ, ರಾತ್ರಿ ಒಬ್ಬಳನ್ನೇ ಬಿಟ್ಟು ಬರಲಾರೆ, ಇಲ್ಲಿಂದ ಮೈಸೂರಿನ ಬಸ್ಸು ಹೊರಡುವುದು ತಡ, ಬೆಳಗಿನ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಬಂದು ನೇರ ಹೆಂಗಸರ ಡಬ್ಬಿ ಹತ್ತುತ್ತೇನೆ, ನೀನು ನಂಜನಗೂಡಿನಲ್ಲಿ ಇಳಿಯುವಾಗ ಕಿಟಕಿಯ ಹತ್ತಿರ ಬಾ, ನೋಡಿದ ಹಾಗಾಯಿತು ಎಂದು. ಬಸ್ಸು ಚಾಮರಾಜನಗರಕ್ಕೆ ಬರಬೇಕಾದದ್ದು ಏಳೂ ಮುಕ್ಕಾಲಿಗೆ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಗಾಡಿ ಎಂಟಕ್ಕೆ ಹೊರಟರೆ ಹತ್ತೂವರೆಗೆ ಮೈಸೂರು, ಸಾಕಷ್ಟು ಹೊತ್ತಿದೆ. ಬುಡನ್ ಸಾಬರು ಎಂದಿನಂತೆ ಮಾಯವಾದರೆ ಅಕ್ಕ ಸಂದರ್ಶನದ ಬಾಗಿಲಿಗೆ ಏದುಸಿರು ಬಿಡುತ್ತ ಓಡಬೇಕು. ಈ ಸೋಮಾರಿಗಳ ದೆಸೆಯಿಂದ ಅಕ್ಕನ ಬಾಳು ಹಾಳಾಗಲು ಬಿಡಕೂಡದು ಎಂದು ಶಪಥ ಮಾಡಿದೆ.

ಆ ದಿನ ಏಳೂವರೆಗೇ ಪ್ಲಾಟ್‌ಫಾರಂ ಮೇಲಿದ್ದೆ. ಎಂಜಿನ್ನು ಬಿಚ್ಚಿಕೊಂಡಿತು, ಓಡಿತು, ನೀರು ಕುಡಿಯಿತು. ಎಂಟಕ್ಕೆ ಹತ್ತು ನಿಮಿಷ ಇರುವಾಗ ಎರಡು ಮೂರು ಜಟಕಾಗಳು ಬಂದು ನಿಂತವು. ಹೆಂಗಸರು, ಮಕ್ಕಳು, ಟ್ರಂಕುಗಳು ಇಳಿದವು. ಹಸಿರು ಸೀರೆಯ ಒಬ್ಬಾಕೆ ಬೆನ್ನು ತೋರಿಸಿಕೊಂಡು ಹೆಂಗಸರ ಡಬ್ಬಿ ಹತ್ತಿದಳು. ಅಕ್ಕನ ಹತ್ತಿರ ಹಸಿರು ಸೀರೆ ಇತ್ತು. ಗುಂಡ್ಲುಪೇಟೆ ಬಸ್ಸಿನವರು ಬಂದರು ಎಂದುಕೊಂಡೆ. ನಾಲ್ಕು ಹೆಜ್ಜೆ ನಡೆದು ಕಿಟಕಿಯಲ್ಲಿ ಒಂದು ಸಲ "ಅಕ್ಕಾ" ಎಂದು ಕರೆದಿದ್ದರೆ ಸಾಕಿತ್ತು. ಆದರೆ ನನ್ನ ಕಣ್ಣೆಲ್ಲ ವಾಚಿನ ಮೇಲೆ. ಆ ಜಟಕಾದವರು ಸಂತೆಮರಹಳ್ಳಿ ಬಸ್ಸಿನಿಂದ ಬಂದವರು ಎಂದು ಆಮೇಲೆ ತಿಳಿಯಿತು.

ಎಂಟು ಗಂಟೆ. ಕೊಂಡಿ ಹಾಕಿದ್ದಾಯಿತು. ಟೋಕನ್ನು ಡ್ರೈವರ ಕೈಗೆ ಸೇರಿತು. ಪೆಟ್ಟಿಗೆ ಮಾತ್ರ ಷೆಡ್ಡಿನ ನೆರಳಿನಲ್ಲಿ ಸುಖವಾಗಿ ಕೂತಿತ್ತು. ಬುಡನ್ ಸಾಬರ ಸುಳಿವಿಲ್ಲ. ನಾನು ಹಿಂದೆ ಮುಂದೆ ನೋಡಲಿಲ್ಲ. ಷೆಡ್ಡಿಗೆ ಹೋಗಿ ಪೆಟ್ಟಿಗೆಗೆ ಕೈ ಹಾಕಿದೆ. ಹೊತ್ತ ಮೇಲೆ ಗೊತ್ತಾಯಿತು ಅದರ ಭಾರ. ಭುಜದಿಂದ ಭುಜಕ್ಕೆ ಬದಲಾಯಿಸುತ್ತ, ಇಸ್ತ್ರಿ ಮಾಡಿದ ಅಂಗಿಯ ಮೇಲೆಲ್ಲ ಕಪ್ಪು ಮಸಿ ಬಳಿದುಕೊಂಡು, ಗಾರ್ಡ್ ಸಾಹೇಬರ ಮುಂದೆ ತಂದಿಟ್ಟೆ.

ಅವರು ಬೆಚ್ಚಿಬಿದ್ದರು. "ಅಯ್ಯೋ, ನೀವ್ಯಾಕೆ ಸಾರ್? ಅದು ಬುಡನ್ ಕೆಲಸ. ಅವನು ಬರಲಿ ಇರಿ."

"ಅವನು ಬರೋದು ಯಾವಾಗ, ಗಾಡಿ ಹೊರಡೋದು ಯಾವಾಗ? ಗಂಟೆ ಎಂಟಾಯ್ತು. ಟೋಕನ್ ಆಗಿದೆ, ಎಂಜಿನ್ ಆಗಿದೆ. ಇನ್ನೇನು ಬಾಕಿ ಹೇಳಿ?"

"ಬಾಕಿ ಏನೂ ಇಲ್ಲ..." ಎನ್ನುತ್ತ ಅವರು ಊರಾಚೆಯ ರಸ್ತೆಯ ಕಡೆ ನೋಡಿದರು. ನನ್ನ ಮುಖ ನೋಡಿದರು. ನನ್ನ ಜೇಬಿನಲ್ಲಿದ್ದ ನೋಟ್‌ಪುಸ್ತಕ ನೋಡಿದರು. "ಒಂದೈದು ನಿಮಿಷ..."

"ಐದು ನಿಮಿಷ ಯಾತಕ್ಕೆ ಅಂತ ಹೇಳಿ, ಬರ್ಕೋತೀನಿ."

ಅವರು ಪೆಟ್ಟಿಗೆಯನ್ನು ಒಳಗೆ ತಳ್ಳಿ ವಿಷಲ್ಲು ಬಾಯಿಗಿಟ್ಟರು. ಹಸಿರು ಬಾವುಟ ಎದ್ದಿತು. ನಾನು ಹತ್ತಿ ಕಿಟಕಿಯ ಪಕ್ಕ ಕೂತು ಬೆವರು ಒರೆಸಿಕೊಂಡೆ. ಎಂಟು ಗಂಟೆ ಮೂರು ನಿಮಿಷ. ಆ ಸ್ಟೇಷನ್ನಿನಲ್ಲಿ ನಾನು ಕಂಡ ಮೊದಲ ಸರಿಯಾದ ಗಾಡಿ. ಅಕ್ಕನನ್ನು ನಂಜನಗೂಡಿನಲ್ಲಿ ಕಂಡಾಗ ಈ ಸಾಹಸವನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಊರು ದಾಟಿದರೆ ರಸ್ತೆಯೊಂದು ಹಳಿಗೆ ಅಡ್ಡ ಬರುವ ಕಡೆ ಗೇಟಿತ್ತು. ಗೇಟು ಹಾಕಿತ್ತು. ಅದರಾಚೆ ಧೂಳು ಇನ್ನೂ ಅಡಗಿರಲಿಲ್ಲ, ಆ ಧೂಳಿನಲ್ಲಿ ಗುಂಡ್ಲುಪೇಟೆ ಬಸ್ಸು ನಿಂತಿತ್ತು. ಡ್ರೈವರ ಪಕ್ಕದ ಹೆಂಗಸರ ಸೀಟಿನಲ್ಲಿ ಅಕ್ಕ. ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಸರ್ಟಿಫಿಕೇಟುಗಳ ಕಟ್ಟು. ಅವಳು ಎದ್ದು ನಿಂತಳು. ಡಬ್ಬಿಗಳು ಒಂದೊಂದಾಗಿ ಹೋಗುವುದನ್ನು ನೋಡುತ್ತಿದ್ದವಳಿಗೆ ನಾನು ಕಂಡೆ. ನನಗಾದರೂ ಗಾಡಿ ಸಿಕ್ಕಿತೆಂದೋ ಏನೋ, ಅವಳ ಮುಖ ಅರಳಿತು. ಕೈಯೆತ್ತಿ, ಹೋಗು ಹೋಗು ಎನ್ನುವಂತೆ ಬೀಸಿದಳು.

ನನ್ನ ತಲೆಯ ಮೇಲೆ ಸರಪಳಿ ಇತ್ತು. ಎಳೆದರೆ ಗಾಡಿ ನಿಲ್ಲುತ್ತದೆ. ಅದರ ಕೆಳಗೆ, ತಕ್ಕ ಕಾರಣವಿಲ್ಲದೆ ಎಳೆದವರಿಗೆ ಶಿಕ್ಷೆಯಾಗುತ್ತದೆ ಎಂದು ಬರೆದಿತ್ತು. ನಾನು ಅದನ್ನು ಪೂರ್ತಿ ಓದಿದೆ. ಸರ್ಕಾರಿ ನೌಕರ, ಅದೂ ತಡವಾಗುತ್ತದೆಂದು ಅರ್ಜಿ ಬರೆದವನು, ಅಕ್ಕನಿಗಾಗಿ ಗಾಡಿ ನಿಲ್ಲಿಸಿದ ಎಂದರೆ ಜನ ಏನನ್ನುತ್ತಾರೆ ಎಂದು ಯೋಚಿಸಿದೆ. ಯೋಚಿಸಿ ಮುಗಿಸುವಷ್ಟರಲ್ಲಿ ಗೇಟು ಹಿಂದಕ್ಕೆ ಹೋಗಿತ್ತು. ಆರು ಜನ ಸೋಮಾರಿಗಳನ್ನು ಒಂದು ತಿಂಗಳು ಅಳೆದ ನಾನು, ಆ ಗಳಿಗೆ ಕೈಯೆತ್ತಲಾರದ ಹೇಡಿಯಾಗಿದ್ದೆ. ಅದನ್ನು ಬೇರೆ ಯಾವ ಮಾತಿನಲ್ಲಿ ಹೇಳಿದರೂ ಸುಳ್ಳಾಗುತ್ತದೆ.

ಸಂಜೆ ವಾಪಸು ಬಂದು ಇಳಿದಾಗ ಬುಡನ್ ಸಾಬರು ಷೆಡ್ಡಿನ ಮುಂದೆ ಕೂತಿದ್ದರು. ನಾನೇ ಹತ್ತಿರ ಹೋದೆ. ಅವರು ಏಳಲಿಲ್ಲ.

"ಪೆಟ್ಗೆ ನೀವೇ ಒತ್ತುಬುಟ್ರಂತಲ್ಲ ಸಾಮಿ."

"ನೀವು ಎಲ್ಲಿ ಹೋಗಿದ್ರಿ?"

"ಎಲ್ಗೋಗ್ಲಿ? ದಿನಾ ನಿಂತ್ಕಳ ಜಾಗದಲ್ಲೇ ನಿಂತಿದ್ದಿ, ಈ ಷೆಡ್ಡಿನ್ ಇಂದಿರೋ ದಿಬ್ಬದ್ ಮ್ಯಾಲ. ಅಲ್ಲಿಂದ ಗುಂಡ್ಲುಪ್ಯಾಟ ರಸ್ತ ಕಾಣ್ತದ. ಬಸ್ಸು ಉಡಿಗಾಲದ್ ತಾವು ಕೆಟ್ಟು ನಿಂತಿತ್ತಂತ. ನಂಗ ಧೂಳು ಕಂಡಿತ್ತು ಸಾಮಿ. ಇನ್ನೊಂದೈದು ನಿಮಿಸ. ಅಷ್ಟರಲ್ಲಿ ನೀವು ಗಾಡಿಯ ಬುಡುಸ್ಬುಟ್ರಿ."

ಅವರು ನನ್ನ ಮುಖ ನೋಡದೆ ಹೇಳುತ್ತ ಹೋದರು. "ಆ ಬಸ್ಸು ಯಾವತ್ತು ಒತ್ಗ ಸರಿಯಾಗಿ ಬಂದದ? ಅದ್ರಲ್ಲಿ ದೊಡ್ಡಾಸ್ಪತ್ರೆಗ್ ಓಗೋರು, ಕೋಲ್ಟ್‌ಗ್ ಓಗೋರು ಇರ್ತಾರ. ಬಸ್ಗಾಗಿ ಗಾಡಿ ನಿಲ್ಸಿದ್ದಿ ಅಂತ ಗಾರ್ಡ್ ಸಾಯೇಬ್ರು ಬರೆಯಂಗಿಲ್ಲ. ಪೋರ್ಟರ್ ಸಿಕ್ನಿಲ್ಲ ಅಂತ ಬರೀಬೋದು. ಬೈಗುಳ ನಂಗ ಬತ್ತದ, ಬರ್ಲಿ ಬುಡಿ. ಅವ್ರು ಯಾವತ್ತೂ ಕೇಳ್ನಿಲ್ಲ, ನಾನೂ ಏಳ್ನಿಲ್ಲ. ಎಷ್ಟೋ ವರ್ಸದಿಂದ ಇಂಗೇ ನಡೀತಿತ್ತು."

"ಇದನ್ನ ನನಗೆ ಒಂದು ಮಾತು ಹೇಳಬಾರದಿತ್ತಾ ಸಾಬರೆ?"

ಆಗ ಅವರು ತಲೆಯೆತ್ತಿ ನೋಡಿದರು. "ನಿಮ್ಗ ಎಂಗೇಳಾದು ಸಾಮಿ? ನೀವು ಬರ್ದುಬುಡೋರು."

ಅಕ್ಕ ಸ್ಟೇಷನ್ನಿಗೆ ಓಡಿಬಂದು ಖಾಲಿ ಹಳಿಯನ್ನು ನೋಡಿದ್ದನ್ನೂ, ತಾವೇ ಜಟಕಾ ಮಾಡಿ ಅವಳನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದ್ದನ್ನೂ ಅವರೇ ಹೇಳಿದರು. ಅವಳು ಮಧ್ಯಾಹ್ನದ ಮೇಲೆ ಯಾವುದೋ ಬಸ್ಸಿನಲ್ಲಿ ಮೈಸೂರು ಮುಟ್ಟಿದ್ದಳು. ಅಲ್ಲಿ ಹೆಸರು ಕರೆಯುವುದು ಮುಗಿದು, ಜವಾನ ಕುರ್ಚಿಗಳನ್ನು ಒಳಗಿಡುತ್ತಿದ್ದನಂತೆ. ಹಸಿರು ಸೀರೆ ಉಟ್ಟಿರಲೇ ಇಲ್ಲ ಅವಳು. ಅಮ್ಮನ ನೀಲಿ ಸೀರೆ ಉಟ್ಟಿದ್ದಳು. ಬಸ್ಸಿನ ಕಿಟಕಿಯಲ್ಲಿ ನೋಡಿದ್ದರೂ ಆ ಬಣ್ಣ ನನ್ನ ತಲೆಗೆ ಹೋದದ್ದು ಆಮೇಲೆ.

ಭಾನುವಾರ ಗುಂಡ್ಲುಪೇಟೆಗೆ ಹೋದೆ. ಅಕ್ಕ ಮಿಷನ್ನಿನ ಮುಂದೆ ಕೂತು ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಅಮ್ಮ ಒಳಗೆ ಮಲಗಿದ್ದಳು. ದಾರಿಯುದ್ದಕ್ಕೂ ಬಸ್ಸಿನವರ ಮೇಲೆ, ರೈಲಿನವರ ಮೇಲೆ ತಪ್ಪು ಹೊರಿಸಿ ಚೆನ್ನಾಗಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳ ಎದುರು ಕೂತ ಮೇಲೆ ಅದೊಂದೂ ಬಾಯಿಗೆ ಬರಲಿಲ್ಲ. ಪೆಟ್ಟಿಗೆ ಹೊತ್ತದ್ದು, ಗಾರ್ಡ್ ಸಾಹೇಬರು ಐದು ನಿಮಿಷ ಕೇಳಿದ್ದು, ಬುಡನ್ ಸಾಬರು ದಿಬ್ಬದ ಮೇಲೆ ನಿಂತಿದ್ದದ್ದು, ಸರಪಳಿ ಎಳೆಯದೆ ಹೋದದ್ದು, ಎಲ್ಲವನ್ನೂ ಹೇಳಿದೆ. ಅವಳು ಕಾಲು ತುಳಿಯುವುದನ್ನು ನಿಲ್ಲಿಸಿದಳು. ಚಕ್ರ ತಾನಾಗಿ ಒಂದೆರಡು ಸುತ್ತು ತಿರುಗಿ ನಿಂತಿತು. ಬೈಯಲಿ ಎಂದು ಕಾದೆ. ಅಳಲಿ ಎಂದಾದರೂ ಕಾದೆ.

ಅವಳು ಸೂಜಿಯ ಕೆಳಗಿನಿಂದ ಬಟ್ಟೆ ಬಿಡಿಸಿಕೊಳ್ಳುತ್ತ ಕೇಳಿದಳು. "ಅಲ್ಲಾ ಕಣ್ಲಾ, ಅವತ್ತು ನಿಂಗ ಆಪೀಸ್ಗ ಒತ್ತಾಗ್ನಿಲ್ವಲ್ಲ?"

ಅದರಲ್ಲಿ ಕೊಂಕಿದೆಯೇನೋ ಎಂದು ಅವಳ ಮುಖ ಹುಡುಕಿದೆ. ಇರಲಿಲ್ಲ. ನಿಜವಾಗಿಯೂ ಅದನ್ನೇ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ.

"ಇಲ್ಲ" ಅಂದೆ.

"ಸದ್ಯ" ಎಂದು ಅಕ್ಕ ಇನ್ನೊಂದು ತೋಳು ಎತ್ತಿಕೊಂಡಳು.

ಆ ದಿನ ಜವಾನ ಬಂದು ಆಫೀಸಿನ ಬೀಗ ತೆಗೆಯುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದೆ ಎನ್ನುವುದೊಂದನ್ನು ಮಾತ್ರ ಅವಳಿಗೆ ಹೇಳಲಿಲ್ಲ.